ನಾನು ಜೋಡಿಸಿದ ಗುಂಡಿಗಳು

ಕಂಪ್ಯೂಟರಿನ ಪರದೆಯ ತಳದಲ್ಲಿ ಸೀರೆಯಂಚಿನ ಹಾಗೆ ಒಂದು ಪಟ್ಟಿ ಇರುತ್ತದಲ್ಲ, ತೆರೆದಿಟ್ಟ ಕೆಲಸಗಳೆಲ್ಲ ಒಂದೊಂದು ಗುಂಡಿಯಾಗಿ ಸಾಲಾಗಿ ಕುಳಿತಿರುವ ಜಾಗ, ಅದನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ನೋಡಿಲ್ಲವಾದರೆ ನೀವು ಸುಖಿಗಳು, ಹಾಗೆಯೇ ಇರಿ. ನಾನು ನೋಡಿದೆ. ನೋಡಿದ್ದಷ್ಟೇ ಅಲ್ಲ, ಅದನ್ನು ಉದ್ಧಾರ ಮಾಡಲು ಹೊರಟೆ.

ಹಿರಿಯೂರಿನ ಒಂದು ಪದವಿಪೂರ್ವ ಕಾಲೇಜಿನ ಕಚೇರಿಯಲ್ಲಿ ನಾನು ಗುಮಾಸ್ತ. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಲೋಕಕ್ಕೆ ನಾನು ಮಾಡಿದ ಮಹದುಪಕಾರ ಯಾವುದೂ ಇಲ್ಲವಾದ್ದರಿಂದ, ಚಿಕ್ಕ ಚಿಕ್ಕ ವಸ್ತುಗಳನ್ನು ನೆಟ್ಟಗೆ ಇಡುವುದರಲ್ಲೇ ನನ್ನ ಘನತೆಯನ್ನು ಹುಡುಕಿಕೊಂಡವನು. ಮೇಜಿನ ಮೇಲೆ ಪಿನ್ನಿನ ಡಬ್ಬಿ ಇಂಥಲ್ಲಿ, ಮೊಹರು ಇಂಥಲ್ಲಿ ಎಂದು ನಿಯಮ ಮಾಡಿ, ಅದನ್ನು ಯಾರೂ ಪಾಲಿಸುವುದಿಲ್ಲವೆಂದು ದಿನವಿಡೀ ನೊಂದುಕೊಳ್ಳುವುದು ನನ್ನ ಸ್ವಭಾವ. ಇಂಥವನ ಕಣ್ಣಿಗೆ ಆ ಪಟ್ಟಿ ಬಿದ್ದರೆ ಏನಾಗಬೇಡ! ದಾಖಲಾತಿ ವಹಿಯ ಪಕ್ಕದಲ್ಲಿ ವ್ಯಾಸಂಗ ಪ್ರಮಾಣಪತ್ರ, ಅದರ ಪಕ್ಕದಲ್ಲಿ ಅಂಕಪಟ್ಟಿ ಹಂಚಿದ ವಿವರ, ನಡುವೆ ಎಲ್ಲೋ ಟಿಸಿ. ಹೀಗೆ ಹಿರಿದು ಕಿರಿದೆನ್ನದೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ಆ ಎಂಟು ಗುಂಡಿಗಳು ನನಗೆ ಶ್ರೀರಾಂಪುರದ ಬಸ್ಸಿನಲ್ಲಿ ನಿಂತ ಜನರಂತೆ ಕಂಡವು.

ಫಲಿತಾಂಶಕ್ಕೆ ಮುಂಚಿನ ಬಿಡುವಿನ ದಿನಗಳಲ್ಲಿ, ಈ ಗುಂಡಿಗಳನ್ನು ಬೇಕಾದ ಕಡೆಗೆ ಎಳೆದು ಕೂರಿಸುವ ಪುಟ್ಟ ತಂತ್ರಾಂಶವೊಂದು ನನಗೆ ಸಿಕ್ಕಿತು. ಒಮ್ಮೆ ಜಾಗ ಗೊತ್ತು ಮಾಡಿಬಿಟ್ಟರೆ, ಬೆಳಿಗ್ಗೆ ಯಾರು ಯಾವುದನ್ನು ಮೊದಲು ತೆರೆದರೂ ಗುಂಡಿ ತನ್ನ ಜಾಗಕ್ಕೇ ಹೋಗಿ ಕೂರುತ್ತದೆ. ಗುಂಡಿಗಳ ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಎರಡು ಬೆಳಗು ಅದರಲ್ಲೇ ಕಳೆದೆ. ಘನತೆಯ ಪ್ರಕಾರ ವಹಿಗಳು ಮೊದಲು, ಆಮೇಲೆ ಪತ್ರವ್ಯವಹಾರ, ಆಮೇಲೆ ವರ್ಷಾನುಕ್ರಮದಲ್ಲಿ ಪ್ರಮಾಣಪತ್ರಗಳ ನಮೂನೆಗಳು. ಎಲ್ಲವೂ ಅರ್ಧ ಸಾಲಿನಲ್ಲೇ ಮುಗಿದು, ಉಳಿದರ್ಧ ಖಾಲಿಯಾಗಿ ಕಾಣುವ ಹಾಗೆ ಗುಂಡಿಗಳನ್ನು ಕಿರಿದು ಮಾಡಿದೆ. ಆ ಖಾಲಿ ಜಾಗದ ಸೊಬಗನ್ನು ಎಷ್ಟು ಹೊತ್ತು ನೋಡುತ್ತ ಕುಳಿತಿದ್ದೆನೆಂದು ಹೇಳಲು ನಾಚಿಕೆ.

ಆ ಕಂಪ್ಯೂಟರ್ ನನ್ನೊಬ್ಬನದಾಗಿರಲಿಲ್ಲ. ಪ್ರಮಾಣಪತ್ರಗಳನ್ನು ತುಂಬಿ ಮುದ್ರಿಸುವ ಕೆಲಸ ಈರಮ್ಮನವರದು. ಕುರಿ ಸಾಕುವ ಮನೆಯಿಂದ ಬಂದು, ಅಟೆಂಡರ್ ಆಗಿ ಸೇರಿ, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ಗುಮಾಸ್ತೆಯಾದವರು. ಮಾತು ಕಡಿಮೆ. ಹೊಸ ಜೋಡಣೆಯನ್ನು ತೋರಿಸಿ ಹೇಗಿದೆ ಎಂದು ಕೇಳಿದೆ. ಕ್ಷಣ ಹೊತ್ತು ನೋಡಿ, ಚೆನ್ನಾಗೈತೆ ಸಾರ್ ಎಂದರು. ನಾನು ಅದನ್ನು ಮೆಚ್ಚುಗೆಯೆಂದೇ ತಿಳಿದೆ.

ಟಿಸಿಗೆ ನೂಕುನುಗ್ಗಲು ಶುರುವಾದ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಈರಮ್ಮ ಒಂದು ಕಾಗದ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. ಬೆಳಿಗ್ಗೆ ಐಮಂಗಲದ ಚೈತ್ರ ಎಂಬ ಹುಡುಗಿಗೆ ಕೊಟ್ಟ ಟಿಸಿಯ ಕಚೇರಿ ಪ್ರತಿ ಅದು. ಹೆಸರು ಸರಿ, ಜನ್ಮದಿನಾಂಕ ಸರಿ, ಪ್ರಾಂಶುಪಾಲರ ಸಹಿಯೂ ಸರಿ. ಕಾಲೇಜು ಬಿಟ್ಟ ವರ್ಷ ಮಾತ್ರ ಒಂದು ವರ್ಷ ಹಿಂದಿನದು. ವರ್ಷ ಮೊದಲೇ ತುಂಬಿಟ್ಟಿರುವ ನಮೂನೆಗಳ ಪೈಕಿ ಹೋದ ವರ್ಷದ್ದರಲ್ಲಿ ಮುದ್ರಣವಾಗಿಬಿಟ್ಟಿತ್ತು. ಹುಡುಗಿಗೆ ದಾವಣಗೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಅಂದು ಸಂಜೆ ನಾಲ್ಕಕ್ಕೆ ದಾಖಲಾತಿ ಮುಗಿಯುತ್ತಿತ್ತು.

ಆಗ ನಾನು ಮಾಡಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಕಿಟಕಿಯಾಚೆ ಸಾಲಿನಲ್ಲಿ ನಿಂತಿದ್ದ ಹತ್ತಾರು ಮಂದಿಗೆ ಕೇಳಿಸುವಂತೆ, ಗುಂಡಿಯ ಮೇಲೆ ಹೆಸರಿದೆ, ಓದಲು ಬರುವುದಿಲ್ಲವೇ ಎಂದು ಗದರಿದೆ. ಈರಮ್ಮ ತಲೆ ತಗ್ಗಿಸಿ, ತಪ್ಪಾತು ಸಾರ್ ಎಂದಷ್ಟೇ ಅಂದರು.

ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಊರಿಗೆ ಹೋಗಿ ಉಂಡು, ಒಂದೂವರೆಯ ಬಸ್ಸು ಹತ್ತುತ್ತೇವೆಂದು ಹುಡುಗಿಯ ಅಪ್ಪ ಹೇಳಿದ್ದು ಈರಮ್ಮನಿಗೆ ನೆನಪಿತ್ತು. ಹೊಸ ಟಿಸಿ ಮುದ್ರಿಸಿ, ಸಹಿ ಮೊಹರು ಮಾಡಿಸಿ, ನನ್ನ ಸ್ಕೂಟರಿನ ಬೀಗದ ಕೈ ತೆಗೆದುಕೊಂಡೆ. ಒಬ್ಬನೇ ಹೊರಟವನನ್ನು ಈರಮ್ಮ ಬಾಗಿಲಲ್ಲಿ ತಡೆದರು.

"ಅವರ ಮುಖ ನೆನಪೈತಾ ಸಾರ್ ನಿಮಗೆ?"

ಇರಲಿಲ್ಲ. ಬೆಳಿಗ್ಗೆ ಅವರಿಬ್ಬರೂ ನನ್ನೆದುರಿಗೇ ಅರ್ಧ ಗಂಟೆ ನಿಂತಿದ್ದರು. ನನ್ನ ಕಣ್ಣು ಪಟ್ಟಿಯ ಖಾಲಿ ಜಾಗದ ಮೇಲೆ ಇದ್ದಿರಬೇಕು.

ಹೆದ್ದಾರಿಯಲ್ಲಿ ಲಾರಿಗಳ ಗಾಳಿಗೆ ತೊನೆಯುತ್ತ, ಹಿಂದೆ ಈರಮ್ಮ ಟಿಸಿಯ ಕವರನ್ನು ಎದೆಗೆ ಅವಚಿಕೊಂಡು ಕುಳಿತಿರಲು, ಐವತ್ತೆರಡರ ಈ ಗುಮಾಸ್ತ ಜೀವಮಾನದಲ್ಲಿ ಮೊದಲ ಬಾರಿಗೆ ಸ್ಕೂಟರನ್ನು ಅರುವತ್ತರ ವೇಗದಲ್ಲಿ ಓಡಿಸಿದ. ಐಮಂಗಲದ ನಿಲ್ದಾಣ ಮುಟ್ಟಿದಾಗ ಬಸ್ಸು ಬಂದು ನಿಂತಿತ್ತು, ಜನ ಹತ್ತುತ್ತಿದ್ದರು. ಈರಮ್ಮ ಸ್ಕೂಟರ್ ನಿಲ್ಲುವ ಮೊದಲೇ ಇಳಿದು, ಗುಂಪಿನೊಳಗೆ ನುಗ್ಗಿ, ಬಿಳಿ ಪಂಚೆಯ ಒಬ್ಬರ ತೋಳು ಹಿಡಿದು ನಿಲ್ಲಿಸಿದರು.

ಅವರೇ ಚೈತ್ರಳ ಅಪ್ಪ ತಿಮ್ಮಣ್ಣ. ಕಚೇರಿಯವರಿಬ್ಬರು ಬೆನ್ನಟ್ಟಿ ಬಂದದ್ದನ್ನು ಕಂಡು ಅವರ ಮುಖ ಬಾಡಿತು. ಕೈಚೀಲವನ್ನು ಹಿಂದಕ್ಕೆ ಸರಿಸಿಕೊಂಡರು.

"ಸೀಟು ಹೋತಾ ಸಾರ್?"

ಹೋಗಿಲ್ಲ, ಕಾಗದದಲ್ಲಿ ತಪ್ಪಾಗಿದೆ, ಬದಲಾಯಿಸಿ ಕೊಡಲು ಬಂದೆವು ಎಂದೆ. ಹಳೆಯದನ್ನು ಕೊಡಿ ಎಂದು ಕೈ ಚಾಚಿದರೆ, ಚೈತ್ರ ಕೊಡಲಿಲ್ಲ. ಮೊದಲು ಹೊಸದನ್ನು ಇಸಿದುಕೊಂಡಳು. ಬಸ್ಸಿನ ಮೆಟ್ಟಿಲ ಮೇಲೊಂದು ಕಾಲಿಟ್ಟು, ಕಂಡಕ್ಟರ್ ಸೀಟಿ ಊದುತ್ತಿರುವಾಗಲೂ, ಪ್ರತಿ ಸಾಲಿನ ಮೇಲೂ ಬೆರಳಾಡಿಸಿ ಓದಿದಳು. ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ, ಸೇರಿದ ವರ್ಷ, ಬಿಟ್ಟ ವರ್ಷ. ನಾವು ದಿನಕ್ಕೆ ನಲವತ್ತು ಕೊಡುವ ಆ ಕಾಗದವನ್ನು ನಮ್ಮ ಕಚೇರಿಯಲ್ಲಿ ಯಾರೂ ಅಷ್ಟು ನಿಧಾನವಾಗಿ ಓದಿದ್ದನ್ನು ನಾನು ಕಂಡಿಲ್ಲ. ಸಹಿಗೆ ಮುಂದಿಡುವ ನಾನಂತೂ ಎಂದೂ ಓದಿದವನಲ್ಲ.

"ಇದರಾಗೆ ಎಲ್ಲ ಸರಿ ಐತೆ ಸಾರ್," ಎಂದು ಹಳೆಯದನ್ನು ನನ್ನ ಕೈಗಿಟ್ಟು ಅವಳು ಬಸ್ಸು ಹತ್ತಿದಳು.

ಬರುವ ದಾರಿಯಲ್ಲಿ ಎಳನೀರು ಕುಡಿಯಲು ನಿಂತೆವು. ಗದರಿದ್ದಕ್ಕೆ ಏನಾದರೂ ಹೇಳಬೇಕೆನಿಸಿ, ಕ್ಷಮೆ ಕೇಳಲು ಅಹಂಕಾರ ಬಿಡದೆ, ಹಾಗಲ್ಲ ಈರಮ್ಮ, ಇಷ್ಟು ವರ್ಷ ಆಗದ ತಪ್ಪು ಈಗ ಹೇಗಾಯಿತು ಎಂದು ಸುತ್ತು ಬಳಸಿ ಕೇಳಿದೆ. ಅವರು ಎಳನೀರಿನ ಬುರುಡೆಯನ್ನು ಕೆಳಗಿಟ್ಟು ಹೇಳಿದರು.

"ದಿನಾ ಬೆಳಿಗ್ಗೆ ಫೈಲು ತೆರೆಯೋಳು ನಾನೇ ಅಲ್ವಾ ಸಾರ್. ಯಾವ್ದು ಜಾಸ್ತಿ ಬೇಕೋ ಅದರ ಪ್ರಕಾರ ಒಂದರ ಹಿಂದೆ ಒಂದು ತೆರೀತಿದ್ದೆ. ನಾಕನೇದು ಈ ವರ್ಷದ ಟಿಸಿ. ಕೈಗೆ ಗೊತ್ತಿತ್ತು, ಕಣ್ಣು ಕಿಟಕಿ ಕಡೀಗೆ ಇರ್ತಿತ್ತು. ಈಗ ನಾಕನೇದು ಹೋದ ವರ್ಷದ್ದು ಆಗೈತೆ. ಎಣಿಸಿ ಎಣಿಸಿ ಒತ್ತುತಿದ್ದೆ, ಗದ್ದಲದಾಗೆ ಒಂದ್ಸಲ ಕೈ ಹಳೇ ಜಾಗಕ್ಕೇ ಹೋತು."

ನಾನು ಗೊಂದಲವೆಂದು ತಿಳಿದು ಉದ್ಧರಿಸಿದ್ದು ಅವರ ಕ್ರಮವನ್ನು. ಆ ಸಾಲಿಗೊಂದು ಲೆಕ್ಕಾಚಾರವಿತ್ತು, ಅದರ ಹಿಂದೆ ಕೆಲಸ ಮಾಡಿ ಮಾಡಿ ಪಳಗಿದ ಕೈಯಿತ್ತು. ಇಪ್ಪತ್ತಾರು ವರ್ಷ ನೆಟ್ಟಗಿಡುವುದೇ ನನ್ನ ವಿದ್ಯೆಯೆಂದು ಬೀಗಿದವನಿಗೆ, ಬೇರೊಬ್ಬರು ನೆಟ್ಟಗೆ ಇಟ್ಟದ್ದು ಕಣ್ಣಿಗೆ ಕಂಡಿರಲಿಲ್ಲ. ಹೆಸರಾದರೂ ಓದಬಹುದಿತ್ತಲ್ಲ ಎಂದು ಕೊನೆಯ ಊರುಗೋಲು ಹಿಡಿದೆ. ಅವರು ಎದ್ದು ಸ್ಕೂಟರಿನ ಕಡೆ ನಡೆದರು. ಕಚೇರಿಗೆ ಬಂದು ಪರದೆ ನೋಡಿದಾಗ ಹೆಸರು ಓದಲಾಗದ ಕಾರಣ ತಿಳಿಯಿತು. ಸೊಬಗಿಗಾಗಿ ನಾನು ಕುಗ್ಗಿಸಿದ್ದ ಗುಂಡಿಗಳಲ್ಲಿ ಹೆಸರಿನ ಮೊದಲ ಎರಡಕ್ಷರಕ್ಕಷ್ಟೇ ಜಾಗವಿತ್ತು. ಒಂದರ ಮೇಲೆ ಟಿಸಿ. ಪಕ್ಕದ್ದರ ಮೇಲೂ ಟಿಸಿ. ಗುಂಡಿ ಎಂದರೆ ಒತ್ತುವಂಥದ್ದೂ ಹೌದು, ಬೀಳುವಂಥದ್ದೂ ಹೌದು. ತೋಡಿದವನು ನಾನು, ಬಿದ್ದವರು ಈರಮ್ಮ.

ಪ್ರಾಂಶುಪಾಲರು ಅಷ್ಟರಲ್ಲಿ ಈರಮ್ಮನಿಂದ ವಿವರಣೆ ಬರೆಸಿಕೊಳ್ಳಲು ಹೇಳಿಕಳಿಸಿದ್ದರು. ನಾನೇ ಒಳಗೆ ಹೋದೆ. ತಪ್ಪು ನನ್ನದು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಏನು ತಪ್ಪು ಎಂದು ವಿವರಿಸುವುದು ಕಷ್ಟವಾಯಿತು. ಪಟ್ಟಿ, ಗುಂಡಿ, ಅಗಲ, ಘನತೆ, ಖಾಲಿ ಜಾಗ ಎಂದು ಹತ್ತು ನಿಮಿಷ ಕೈಯಾಡಿಸಿದ ಮೇಲೆ ಅವರು ಕನ್ನಡಕ ತೆಗೆದು, ನನ್ನನ್ನು ದಿಟ್ಟಿಸಿ, "ಇದೆಲ್ಲ ಯಾಕೆ ಮಾಡೋಕೆ ಹೋದ್ರಿ?" ಎಂದರು. ವಿವರಣೆಯನ್ನು ನಾನೇ ಬರೆದುಕೊಟ್ಟೆ. ಹೊರಗೆ ಬಂದು, ಸಾಲಿನಲ್ಲಿದ್ದವರು ಕೇಳುವಂತೆ, ಬೆಳಗಿನ ತಪ್ಪು ನನ್ನದು ಈರಮ್ಮ, ಗದರಬಾರದಿತ್ತು ಎಂದೆ. ಗದರಿದಾಗ ಸಾಲಿನಲ್ಲಿದ್ದ ಜನ ಆಗಲೇ ಹೋಗಿಯಾಗಿತ್ತು. ಈಗ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಈರಮ್ಮನಿಗೆ ತಿಳಿಯಿತು. ಇರ್ಲಿ ಬಿಡ್ರಿ ಸಾರ್ ಎಂದರು. ಐದು ಗಂಟೆಗೆ ತಿಮ್ಮಣ್ಣ ಯಾರದೋ ಫೋನಿನಿಂದ ಕರೆ ಮಾಡಿ, ದಾಖಲಾತಿ ಆಯಿತೆಂದು ಹೇಳಿದ್ದೂ ಅವರಿಗೇ.

ಮರುದಿನ ಬೆಳಿಗ್ಗೆ ಹಳೆಯ ಕ್ರಮವನ್ನೇ ಮತ್ತೆ ಹಾಕೋಣವೆಂದು ಕುಳಿತರೆ, ಅದು ಹೇಗಿತ್ತೆಂದು ನನಗೆ ನೆನಪಿಲ್ಲ! ಈರಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಅವರು ಒಂದೊಂದಾಗಿ ಹೇಳಿದರು, ನಾನು ಒಂದೊಂದಾಗಿ ಎಳೆದೆ. ಗುಂಡಿಗಳ ಅಗಲವನ್ನೂ ಹಿಗ್ಗಿಸಿದೆ. ಏಳಕ್ಕೆ ಜಾಗ ಹೊಂದಿತು, ಹೋದ ವರ್ಷದ ಟಿಸಿ ಮಾತ್ರ ಉಳಿಯಿತು. ಇದನ್ನೆಲ್ಲಿ ಇಡಲಿ ಎಂದು ಕೇಳಿದೆ.

"ಅದನ್ನ ಯಾಕೆ ತೆರೀಬೇಕು ಸಾರ್? ನೀವು ಯಾವತ್ತೋ ಒಂದ್ಸಲ ಬೇಕು ಅಂದಿದ್ರಿ, ಬೇಡ ಅಂತ ಹೇಳ್ಲೇ ಇಲ್ಲ. ಅದ್ಕೇ ದಿನಾ ತೆರೀತಿದೀನಿ."

ನಾನು ಅದನ್ನು ಮುಚ್ಚಿ, ಕುರ್ಚಿ ಬಿಟ್ಟು ಎದ್ದೆ. ಈರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತು, ಕಿಟಕಿಯಾಚೆ ಮೊದಲು ನಿಂತಿದ್ದವರ ಮುಖ ನೋಡಿ, ಹೆಸರು ಹೇಳ್ರಿ ಎಂದರು.