ಮಿಷನಕ್ಕ ತನ್ನ ಭಯದ ಅಳತೆ ಕೊಟ್ಟಿದ್ದು

ಮಿಷನಕ್ಕನನ್ನು ಹೊರಗೆ ಕರೆತರಬೇಕಾದರೆ ಮನೆಯನ್ನೇ ಎತ್ತಿಕೊಂಡು ಬರಬೇಕು ಅಂತ ಬೀದಿಯವರು ಆಡಿಕೊಳ್ಳುತ್ತಿದ್ದರು. ಅವಳು ಹೊಲಿದ ಅಂಗಿ ಊರೆಲ್ಲ ಸುತ್ತುತ್ತದೆ, ಹೊಲಿದವಳಿಗೆ ಮಾತ್ರ ಕಿಟಕಿಯೇ ಊರು ಅಂತ ಕೆಳಗಿನ ಮನೆಯ ಅಜ್ಜಿ ನಗುತ್ತಿದ್ದರು. ಎದುರಿನ ಸಲೂನಿನವನದು ಬೇರೆಯೇ ವಾದ: "ಅವಳಿಗೇನೂ ಆಗಿಲ್ಲ ರೀ, ಸೊಕ್ಕು. ಗಿರಾಕಿಗಳೇ ಮೆಟ್ಟಿಲು ಹತ್ತಿ ಬರುವಾಗ ತಾನ್ಯಾಕೆ ಇಳೀಬೇಕು ಅಂತ."

ಸೊಕ್ಕಲ್ಲ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೋಟಿಗೆ ಲೈನಿಂಗ್ ಬಟ್ಟೆ ತರಲು ಹೋಗಿದ್ದಳು. ಸಿಗ್ನಲ್ ಹತ್ತಿರ ಎದೆ ಡವಡವ ಹೊಡೆದುಕೊಂಡು, ಗಂಟಲು ಕಟ್ಟಿ, ಕೈಕಾಲು ತಣ್ಣಗಾಗಿ ರಸ್ತೆಬದಿಯಲ್ಲೇ ಕುಸಿದುಬಿಟ್ಟಳು. ಆಸ್ಪತ್ರೆಯವರು ಎದೆಗೆ ತಂತಿ ಅಂಟಿಸಿ ನೋಡಿ, ಹೃದಯ ಗಟ್ಟಿಯಾಗಿದೆ, ಮನೆಗೆ ಹೋಗಿ ಎಂದರು. ಮನೆಗೇನೋ ಬಂದಳು. ಆಮೇಲೆ ಸಿಗ್ನಲ್ ದಾಟುವುದನ್ನು ಬಿಟ್ಟಳು. ಮುಂದಿನ ತಿಂಗಳು ಬೀದಿಯ ತಿರುವು ಬಿಟ್ಟಳು. ಹೋದರೆ ಮತ್ತೆ ಹಾಗಾದೀತು ಅನ್ನುವ ಒಂದೇ ಕಾರಣಕ್ಕೆ, ವರ್ಷ ತುಂಬುವುದರೊಳಗೆ ಇಪ್ಪತ್ತೆರಡು ಮೆಟ್ಟಿಲನ್ನೂ ಒಂದೊಂದಾಗಿ ಬಿಡುತ್ತಾ ಬಂದು ಹೊಸ್ತಿಲಿಗೆ ನಿಂತಳು. ನೂಲು, ಗುಂಡಿ, ತರಕಾರಿ ಎಲ್ಲ ಅವಳ ತಮ್ಮ ತಂದುಕೊಡುತ್ತಿದ್ದ. ಅವನು ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಬಾಯಿ ಒರಟು, ಕರುಳು ಮೆತ್ತಗೆ.

ಹೀಗೇ ಕಾಲ ಹೋಗುತ್ತಿತ್ತೇನೋ. ಆದರೆ ಕಟ್ಟಡ ಕೆಡವುತ್ತೇವೆ, ಮೂರು ತಿಂಗಳಲ್ಲಿ ಖಾಲಿ ಮಾಡಿ ಅಂತ ಮಾಲೀಕರು ಹೇಳಿ ಕಳಿಸಿದರು. ತಮ್ಮ ಅಲ್ಲಿ ಇಲ್ಲಿ ಅಲೆದು, ಸಿಗ್ನಲ್ಲಿನ ಆಚೆ, ನಾಲ್ಕು ಬೀದಿ ದೂರದಲ್ಲಿ ನೆಲಮಹಡಿಯ ಮನೆಯೊಂದನ್ನು ಗೊತ್ತುಮಾಡಿ ಬಂದ.

"ಏನೂ ಯೋಚನೆ ಬೇಡ ಅಕ್ಕ. ಡಾಕ್ಟ್ರ ಹತ್ರ ನಿದ್ದೆ ಮಾತ್ರೆ ಬರೆಸ್ಕೊಂಡು ಬರ್ತೀನಿ. ನುಂಗಿ ಮಲಗು. ಏಳೋ ಹೊತ್ತಿಗೆ ಹೊಸ ಮನೇಲಿರ್ತೀಯ."

"ಬೀರು ಪಕ್ಕದಲ್ಲಿ ಹಾಕ್ತೀಯೋ, ಮಂಚದ ಮೇಲೋ?"

"ಮುಂದಿನ ಸೀಟು ಕೊಡ್ತೀನಿ ತಾಯಿ, ಮರ್ಯಾದೆಯಾಗಿ."

"ಹಾಗೆ ಹೋದ್ರೆ ಅಲ್ಲೂ ಒಳಗೇ ಕೂತಿರ್ತೀನಿ ಕಣೋ. ಈ ಗೋಡೆ ಬಿಟ್ಟು ಆ ಗೋಡೆ ನೋಡ್ಕೊಂಡು. ನಾನು ನಡ್ಕೊಂಡೇ ಬರೋದು."

ಅಂದುಬಿಟ್ಟಳು. ಅಂದಮೇಲೆ ಅವಳಿಗೇ ಬೆವರು ಕಿತ್ತುಕೊಂಡಿತು.

ಮೊದಲು ತಮ್ಮನೇ ಫೋನಿನಲ್ಲಿ ಒಂದು ತರಬೇತಿ ಹಾಕಿಕೊಟ್ಟ. ಹದಿನೈದು ದಿನದಲ್ಲಿ ನೆಮ್ಮದಿ ಅಂತ ಅದರ ಹೆಸರು. ಸಕ್ಕರೆಯಂಥ ದನಿಯ ಗಂಡಸೊಬ್ಬ, ನೀವೀಗ ಸಮುದ್ರದ ದಡದಲ್ಲಿದ್ದೀರಿ, ಉಸಿರು ಬಿಡಿ ಎನ್ನುತ್ತಿದ್ದ. ಮಿಷನಕ್ಕ ಬಿಟ್ಟಳು. ಸುಳ್ಳು ಹೇಳಬಾರದು, ನಿದ್ದೆ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಅಂದರೆ, ಹಗಲಲ್ಲೂ ತೂಕಡಿಸಿ ಒಂದು ಶರ್ಟಿಗೆ ಎರಡೂ ಎಡಗೈ ತೋಳು ಕೂರಿಸಿದಳು. ಹದಿನಾರನೇ ದಿನ ಹೊಸ್ತಿಲಿಗೆ ಬಂದು ನಿಂತರೆ ಎದೆ ಮೊದಲಿನ ಹಾಗೇ ಡವಡವ.

ಆಮೇಲೆ ಬಂದವರು ಆರೋಗ್ಯ ಕೇಂದ್ರದ ನರ್ಸು. ಸೂಜಿ ಚುಚ್ಚುವವರಲ್ಲ, ಮನಸ್ಸಿನ ಕಾಯಿಲೆಗೆ ಮಾತು ಮತ್ತು ಅಭ್ಯಾಸದ ಚಿಕಿತ್ಸೆ ಕೊಡುವ ತರಬೇತಿ ಪಡೆದವರು. ವಾರಕ್ಕೊಂದು ಸಲದಂತೆ ಎಂಟು ಸಲ ಬರುತ್ತಾರೆ ಅಂತ ಗೊತ್ತಾಯಿತು. ಮಿಷನಕ್ಕ ನೇರವಾಗಿ ಕೇಳಿದಳು.

"ಸಿಸ್ಟರ್, ಇದ್ರಿಂದ ಗುಣ ಆಗುತ್ತಾ? ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ."

"ನನ್ನ ಕೈಗೆ ಬಂದ ಹತ್ತು ಜನರಲ್ಲಿ ಆರು ಜನ ಈಗ ಬಸ್ಸಲ್ಲಿ ಓಡಾಡ್ತಾರೆ. ಇಬ್ಬರು ಅರ್ಧಕ್ಕೆ ನಿಂತಿದ್ದಾರೆ. ಇನ್ನಿಬ್ಬರು ನನ್ನ ಮುಖದ ಮೇಲೇ ಬಾಗಿಲು ಹಾಕಿದ್ರು."

"ನಾನು ಬಾಗಿಲು ಹಾಕಲ್ಲ."

"ಹಾಕಬೇಡಿ. ತೆಗೆದು ಅಲ್ಲೇ ನಿಲ್ಲಿ. ಅದೇ ಮೊದಲ ಪಾಠ. ಭಯ ಬರಲಿ ಅಕ್ಕಾ, ಬಂದ ತಕ್ಷಣ ಒಳಗೆ ಓಡಬೇಡಿ. ಅದು ಎಷ್ಟು ಹೊತ್ತು ನಿಲ್ಲುತ್ತೋ ನೀವೂ ನಿಂತು ನೋಡಿ. ಆಮೇಲೆ ಸೊನ್ನೆಯಿಂದ ಹತ್ತರವರೆಗೆ ಭಯಕ್ಕೊಂದು ಅಂಕ ಹಾಕಿ ಈ ಹಾಳೇಲಿ ಬರೆದಿಡಿ."

ದಿನಕ್ಕೆರಡು ಸಲ ನಿಂತಳು. ಮೊದಮೊದಲು ಬಾಗಿಲ ಚೌಕಟ್ಟು ಹಿಡಿದು. ಎರಡನೇ ವಾರ ಮೂರು ಮೆಟ್ಟಿಲು ಇಳಿದಳು. ನಾಲ್ಕನೇ ವಾರದ ಹೊತ್ತಿಗೆ ಕೆಳಗಿನ ಗೇಟಿಗೆ ಬಂದು ನಿಂತಿದ್ದಳು. ಸಲೂನಿನವ ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದ.

"ಏನ್ ಮಿಷನಕ್ಕ, ಗೇಟ್ ಕಾಯೋ ಕೆಲ್ಸ ಸಿಕ್ತಾ?"

"ಹೂಂ ಕಣಣ್ಣ. ಬೆಳಿಗ್ಗೆಯಿಂದ ನಿನ್ನ ಅಂಗಡಿ ಕಾಯ್ತಿದೀನಿ. ಒಂದು ನೊಣ ಬಿಟ್ರೆ ಯಾರೂ ಬಂದಿಲ್ಲ."

ಇಷ್ಟಾದರೂ ಆರನೇ ವಾರ ನರ್ಸು ಬಂದವರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಮಂಕಾಗಿ ಕೂತರು. "ಅಕ್ಕಾ, ಮೊದಲ ವಾರ ಒಂಬತ್ತು. ಈ ವಾರವೂ ಒಂಬತ್ತು. ಅಭ್ಯಾಸ ಮಾಡ್ತಾನೇ ಇದೀರಿ, ಅಂಕ ಕೂದಲೆಳೆಯಷ್ಟೂ ಇಳಿದಿಲ್ಲ. ನಮ್ಮಲ್ಲಿ ಒಂದು ನಿಯಮ ಇದೆ. ಆರು ವಾರಕ್ಕೂ ಏನೂ ಇಳೀಲಿಲ್ಲ ಅಂದ್ರೆ ಇದನ್ನ ನಿಲ್ಲಿಸಿ ದೊಡ್ಡ ಡಾಕ್ಟ್ರ ಹತ್ರ ಕಳಿಸಬೇಕು. ಅವರನ್ನ ನೋಡೋಕೆ ಎರಡು ತಿಂಗಳು ಕಾಯಬೇಕು."

ಎರಡು ತಿಂಗಳೆಂದರೆ ಅಷ್ಟರಲ್ಲಿ ಕಟ್ಟಡವೇ ಇರುವುದಿಲ್ಲ. ನಿದ್ದೆ ಮಾತ್ರೆ, ಮುಂದಿನ ಸೀಟು, ಹೊಸ ಗೋಡೆ. ಮಿಷನಕ್ಕ ಹಾಳೆಯ ಮೇಲೆ ಬೆರಳಿಟ್ಟಳು.

"ಇಳಿದಿದೆ ಸಿಸ್ಟರ್."

"ಮತ್ತೆ ಒಂಬತ್ತು ಅಂತ ಬರೆದಿದೀರಲ್ಲ?"

"ಅದು ಮಾರ್ಜಿನ್ ಸೇರಿಸಿ."

ನರ್ಸಿಗೆ ತಲೆಬುಡ ತಿಳಿಯಲಿಲ್ಲ. ಮಿಷನಕ್ಕ ಎದ್ದು ಹೋಗಿ ಹೊಲಿದಿಟ್ಟಿದ್ದ ಶಾಲೆಯ ಯೂನಿಫಾರ್ಮ್ ಒಂದನ್ನು ತಂದು ಒಳಮೈ ತಿರುಗಿಸಿ ತೋರಿಸಿದಳು. ಹೊಲಿಗೆಯ ಆಚೆ ಮೂರು ಬೆರಳು ಬಟ್ಟೆ ಹಾಗೇ ಬಿಟ್ಟಿತ್ತು.

"ಮಕ್ಕಳು ಬೆಳೀತಾರೆ ಅಂತ ಹೀಗೆ ಬಿಡ್ತೀವಿ. ಇರೋ ಅಳತೆಗೇ ಸರಿಯಾಗಿ ಕತ್ತರಿಸೋ ದರ್ಜಿನ ಯಾರಾದ್ರೂ ನಂಬ್ತಾರಾ? ಭಯ ನಾಳೆ ಬೆಳೆದುಬಿಟ್ರೆ ಅಂತ ಇದಕ್ಕೂ ಬಿಟ್ಟಿದೀನಿ. ಮೊದಲ ವಾರ ನಿಜಕ್ಕೂ ಎಂಟು, ಮಾರ್ಜಿನ್ ಒಂದು. ಈ ವಾರ ಇದ್ದದ್ದು ಐದು. ಅಷ್ಟು ಇಳಿದದ್ದು ನೋಡಿ ಇನ್ನೂ ಗಾಬರಿಯಾಯ್ತು, ನಾಲ್ಕು ಬಿಟ್ಟೆ."

ನರ್ಸು ಹಣೆಗೆ ಕೈಹಚ್ಚಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಆರು ವರ್ಷದಲ್ಲಿ ಸಿಗ್ನಲ್ ಹತ್ರ ಆದ ಹಾಗೆ ಎಷ್ಟು ಸಲ ಆಗಿದೆ ಅಕ್ಕಾ?"

"ಅದೊಂದೇ ಸಲ."

"ಹಾಗಾದ್ರೆ ಇಷ್ಟು ವರ್ಷ ಮನೇಲಿ ಕೂರಿಸಿದ್ದು ಯಾವುದು? ಆ ಒಂದು ಸಲವಾ, ಅದಕ್ಕೆ ನೀವು ಬಿಟ್ಟ ಮಾರ್ಜಿನ್ನಾ?"

ಮಿಷನಕ್ಕ ಯೂನಿಫಾರ್ಮ್ ಮಡಿಸಿಟ್ಟಳು. ಹಾಳೆ ಎಳೆದುಕೊಂಡು ಆರೂ ವಾರದ ಅಂಕಗಳನ್ನು ಹೊಡೆದುಹಾಕಿ ಇದ್ದದ್ದು ಇದ್ದ ಹಾಗೆ ಬರೆದಳು.

ಉಳಿದೆರಡು ವಾರ ನರ್ಸು ಹತ್ತು ಹೆಜ್ಜೆ ಹಿಂದೆ ಬಂದರು, ಮಿಷನಕ್ಕ ಮುಂದೆ ನಡೆದಳು. ಬೀದಿಯ ತಿರುವು ದಾಟಿದ್ದಾಯಿತು. ಒಂದು ದಿನ ಬೈಕೊಂದು ಪಕ್ಕದಲ್ಲೇ ಕಿರ್ರೆಂದು ನಿಂತಾಗ ಚಪ್ಪಲಿ ಬಿಟ್ಟು ಮನೆಗೆ ಓಡಿಬಂದದ್ದೂ ಉಂಟು. ಅಂದು ಹಾಳೆಯಲ್ಲಿ ಎಂಟು ಅಂತ ಬರೆದು, ಮರುದಿನ ಅದೇ ಜಾಗಕ್ಕೆ ಹೋಗಿ ಕಾಲು ಗಂಟೆ ನಿಂತು ಬಂದಳು. ಎಂಟನೇ ಭೇಟಿ ಮುಗಿಯಿತು. ಸಿಗ್ನಲ್ ಮಾತ್ರ ಉಳಿಯಿತು.

"ಅಂತೂ ಗುಣ ಆಯ್ತಾ?" ತಮ್ಮ ಕೇಳಿದ.

"ಅರ್ಧ ಆಗಿದೆ. ಉಳಿದರ್ಧ ನಾನೇ ಮಾಡ್ಕೋಬೇಕು."

ಒಬ್ಬಳೇ ಎರಡು ಸಲ ಸಿಗ್ನಲ್ ತನಕ ಹೋದಳು. ದೀಪ ಹಸಿರಾಯಿತು, ಜನ ದಾಟಿದರು, ಅವಳು ದಾಟಲಿಲ್ಲ. ಆದರೆ ಓಡಿಬರಲೂ ಇಲ್ಲ. ಎದೆಯ ಬಡಿತ ಇಳಿಯುವ ತನಕ ನಿಂತು, ನಡೆದೇ ಬಂದಳು.

ಖಾಲಿ ಮಾಡುವ ದಿನ ಬಂತು. ಮಂಚ, ಬೀರು, ಕೊನೆಗೆ ಹೊಲಿಗೆ ಮಿಷನ್ ವ್ಯಾನು ಹತ್ತಿದವು. ತಮ್ಮ ಮೇಲೆ ಬಂದು ಜೇಬಿನಿಂದ ನಿದ್ದೆ ಮಾತ್ರೆಯ ಪುಟ್ಟ ಪೊಟ್ಟಣ ತೆಗೆದ.

"ಇರ್ಲಿ ಅಂತ ತಂದಿದೀನಿ. ಹಟ ಬೇಡ ಅಕ್ಕ. ಇವತ್ತೊಂದು ದಿನ ಗಾಡೀಲಿ ಬಾ, ನಾಳೆಯಿಂದ ಎಷ್ಟು ಬೇಕಾದ್ರೂ ನಡಿ."

"ನಾಳೆ ಅಂತಾನೇ ಆರು ವರ್ಷ ಹೋಯ್ತು."

"ಸಿಗ್ನಲ್ ಹತ್ರ ಏನಾದ್ರೂ ಆದ್ರೆ?"

"ಆದ್ರೆ ಕೂತ್ಕೋತೀನಿ. ಎದ್ದು ಮತ್ತೆ ನಡೀತೀನಿ. ನೀನು ಮುಂದೆ ಹೋಗಿ ಮಿಷನ್ ಇಳಿಸು, ಬೆಳಕಿರೋ ಕಡೆ ಹಾಕು."

ಅವನು ಗೊಣಗುತ್ತಾ ಇಳಿದ. ಖಾಲಿ ಕೋಣೆಯಲ್ಲಿ ಅವಳ ಎದೆ ಶುರುಹಚ್ಚಿಕೊಂಡಿತು. ಏಳೋ ಎಂಟೋ ಇರಬೇಕು. ಬರೆಯಲು ಹಾಳೆ ಇರಲಿಲ್ಲ. ಬಾಗಿಲೆಳೆದು ಬೀಗ ಹಾಕಿ, ಮೆಟ್ಟಿಲಿಳಿದು, ಕೀಲಿಯನ್ನು ಕೆಳಗಿನ ಮನೆಯ ಅಜ್ಜಿಯ ಕೈಗಿಟ್ಟಳು. ಹೊರಗೆ ಬಂದು ನೋಡಿದರೆ ತಮ್ಮ ಹೋಗಿರಲಿಲ್ಲ. ಗೇಟಿಗೆ ಅಡ್ಡಲಾಗಿ ವ್ಯಾನು ನಿಲ್ಲಿಸಿಕೊಂಡು, ಮುಂದಿನ ಬಾಗಿಲು ತೆರೆದು, ಅವಳತ್ತ ನೋಡದೆ ಸ್ಟೇರಿಂಗ್ ಹಿಡಿದು ಕೂತಿದ್ದ.

ಮಿಷನಕ್ಕ ಆ ಬಾಗಿಲನ್ನು ಹೊರಗಿನಿಂದ ಹಾಕಿದಳು. ವ್ಯಾನಿನ ಮೈಗೆ ಅಂಗೈಯಿಂದ ಎರಡೇಟು ಬಡಿದಳು.

"ಗಾಡಿ ತೆಗಿಯೋ, ನಾನು ಹೋಗ್ಬೇಕು."

ವ್ಯಾನು ಮೆಲ್ಲಗೆ ಮುಂದಕ್ಕೆ ಸರಿಯಿತು. ಅವಳು ಗೇಟು ದಾಟಿ ಸಿಗ್ನಲ್ ಕಡೆಗೆ ತಿರುಗಿದಳು.