ಎರಡು ನಂಬರಿನ ದನಿಗಳು

ಗಣಕ ವಿಜ್ಞಾನ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ ಜನರ ದನಿಗಳನ್ನು ಕೂಡಿಹಾಕುವುದು. ಮಾತು ಕೇಳಿ ಅಕ್ಷರಕ್ಕಿಳಿಸುವ ಪ್ರೋಗ್ರಾಮುಗಳಿಗೆ ನಮ್ಮ ಕಡೆಯ ಕನ್ನಡ ತಿಳಿಯುತ್ತಿರಲಿಲ್ಲ. ಅದನ್ನು ಕಲಿಸಲು ನೂರು ಜನರ ಮಾತು ಬೇಕೆಂದು ಗೈಡ್ ಹೇಳಿದ್ದರು. ಅಜ್ಜಂಪುರ ನನ್ನ ಊರು. ರೆಕಾರ್ಡರ್ ಹಿಡಿದು ಅಲ್ಲಿಂದ ಬುಕ್ಕಾಂಬುಧಿ, ದೇವನೂರು ಎಂದು ತಿರುಗಿದೆ. ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು ಕಡೂರಿನವಳು, ಹಾಸ್ಟೆಲಿನಲ್ಲಿ ನನ್ನ ರೂಮಿನವಳೂ ಅವಳೇ. ನಾನು ತಂದ ದನಿಗಳಿಂದ ಪ್ರೋಗ್ರಾಮ್ ಕಟ್ಟಬೇಕಾದವಳು ಅವಳು.

ವರದಿ ಕೊಡುವ ದಿನ ಹತ್ತಿರವಾದಾಗ ನನ್ನ ಬಳಿ ಎಪ್ಪತ್ತು ಚಿಲ್ಲರೆ ಜನರಷ್ಟೇ ಇದ್ದರು. ಈರುಳ್ಳಿ ಕೀಳುವ ಕಾಲ, ಯಾರಿಗೂ ಪುರುಸೊತ್ತಿಲ್ಲ. ಮೊದಲೇ ಮಾತಾಡಿದ್ದವರಲ್ಲಿ ಕೆಲವರನ್ನು ಮತ್ತೆ ಮಾತಾಡಿಸಿದೆ. ಅವರೇ ಬೇರೆ ಜನ ಎಂಬಂತೆ ಹೊಸ ನಂಬರು ಕೊಟ್ಟು, ವಯಸ್ಸು ಬದಲಿಸಿ ಬರೆದು, ನೂರು ಭರ್ತಿ ಮಾಡಿದೆ. ಅದು ತಪ್ಪೆಂದು ಆಗ ಹೊಳೆಯಲಿಲ್ಲ ಎಂದು ಬರೆಯುವುದು ಸುಲಭ. ಹೊಳೆದಿತ್ತು.

ದನಿಗಳನ್ನು ಕೇಳಿ ಬರೆದುಕೊಡುತ್ತಿದ್ದವರು ಅಜ್ಜಂಪುರದ ಒಬ್ಬ ನಿವೃತ್ತ ಮೇಷ್ಟ್ರು. ಒಂದು ದಿನ ಅವರು ಹೆಡ್‌ಫೋನ್ ತೆಗೆದಿಟ್ಟು, "ಇವೆರಡೂ ಒಂದೇ ಗಂಟ್ಲು ಕಣಮ್ಮ. ಉಸ್ರು ಎಳ್ಕಳೋದೂ ಹಂಗೇ ಐತೆ," ಎಂದರು. ಅಣ್ಣತಮ್ಮಂದಿರು ಎಂದೆ. ಅವರು ಮತ್ತೆ ಕೇಳಲಿಲ್ಲ.

ಪ್ರೋಗ್ರಾಮಿಗೆ ಕೆಲವರ ದನಿಯಿಂದ ಕಲಿಸಿ, ಅದು ಎಂದೂ ಕೇಳಿರದವರ ದನಿಯಿಂದ ಪರೀಕ್ಷೆ ಮಾಡಬೇಕು. ನನ್ನ ಸುಳ್ಳು ನಂಬರುಗಳಿಂದಾಗಿ ಅದು ತಾನು ಮೊದಲೇ ಕೇಳಿದ್ದ ದನಿಗಳನ್ನೇ ಪರೀಕ್ಷೆಯಲ್ಲೂ ಕೇಳಿ ಚೆನ್ನಾಗಿ ಪಾಸಾಯಿತು. ಅದರ ಬಗ್ಗೆ ಬರೆದ ಲೇಖನ ಅಚ್ಚಾಯಿತು. ಗೆಳತಿ ವಿಭಾಗಕ್ಕೆಲ್ಲ ಪೇಡಾ ಹಂಚಿದಳು. ನಾನೂ ತಿಂದೆ.

ಆಮೇಲೆ ತರೀಕೆರೆಯಲ್ಲಿ ರೈತರ ಮುಂದೆ ಆ ಪ್ರೋಗ್ರಾಮನ್ನು ತೋರಿಸುವ ಕಾರ್ಯಕ್ರಮವಿತ್ತು. ಒಬ್ಬ ಹೆಂಗಸು ಮೈಕಿನಲ್ಲಿ, ತೆಂಗಿನ ಸುಳಿ ಕೊಳೆಯುತ್ತಿದೆ, ಏನು ಮಾಡಬೇಕು ಎಂದು ಕೇಳಿದರು. ಪರದೆಯ ಮೇಲೆ ತಂಗಿಯ ಸುಳಿವು ಎಂದು ಮೂಡಿತು. ಜನ ನಕ್ಕರು. ಆಮೇಲೆ ಬಂದವರ ಮಾತುಗಳೂ ಹೆಚ್ಚುಕಮ್ಮಿ ಹಾಗೇ ಆದವು. ಗೆಳತಿ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನಿಂತವಳು ಕೊನೆಯವರೆಗೂ ತಲೆ ಎತ್ತಲಿಲ್ಲ.

ಮುಂದಿನ ಒಂದು ವರ್ಷ ಅವಳು ತಪ್ಪನ್ನು ತನ್ನ ಪ್ರೋಗ್ರಾಮಿನಲ್ಲಿ ಹುಡುಕಿದಳು. ಒಂದೊಂದೇ ಸಾಲು ಓದಿ, ಅಳಿಸಿ, ಮತ್ತೆ ಬರೆದಳು. ಊಟಕ್ಕೆ ಕರೆದರೆ ನೀನು ಹೋಗು ಎನ್ನುತ್ತಿದ್ದಳು. ಸೆಮಿನಾರಿನಲ್ಲಿ ಗೈಡ್ ಎಲ್ಲರೆದುರಿಗೆ, ಸಂಶೋಧನೆ ನಿನ್ನ ಕೈಯಲ್ಲಾಗುವ ಕೆಲಸವಲ್ಲ ಎಂದಾಗ ನಾನು ಎರಡನೇ ಸಾಲಿನಲ್ಲಿ ಕೂತು ನೋಟ್ ಬರೆದುಕೊಳ್ಳುತ್ತಿದ್ದೆ. ಪ್ರತಿದಿನವೂ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಕೊನೆಗೆ ಅವಳು ಪಿಎಚ್.ಡಿ. ಬಿಡುವುದಾಗಿ ಬರೆದುಕೊಟ್ಟಳು. ಅವಳ ಟ್ರಂಕನ್ನು ಆಟೋಗೆ ಏರಿಸಿದವಳು ನಾನೇ.

ಅವಳ ಖಾಲಿ ಮಂಚದ ಎದುರು ಒಂದು ತಿಂಗಳು ಕಳೆದ ಮೇಲೆ ಗೈಡ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು, ಬರೆದುಕೊಡು ಎಂದರು. ಲೇಖನ ಹಿಂದಕ್ಕೆ ಪಡೆದರು. ವಿಭಾಗದ ವಿಚಾರಣೆಯ ನಂತರ ನನ್ನ ನೋಂದಣಿ ರದ್ದಾಯಿತು. ಅವಳಿಗೆ ವಾಪಸ್ ಬರಲು ಗೈಡ್ ಪತ್ರ ಬರೆದರಂತೆ. ಅವಳು ಉತ್ತರಿಸಲಿಲ್ಲ.

ಕಡೂರಿನ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಾಳೆಂದು ತಿಳಿದು ಹುಡುಕಿಕೊಂಡು ಹೋದೆ. ಸ್ಟಾಫ್ ರೂಮಿನ ಹೊರಗೆ, ಬೆಂಚಿನ ಮೇಲೆ, ನಾನು ಹೇಳುವುದನ್ನೆಲ್ಲ ಕೇಳಿದಳು. ಕಾಗದದಲ್ಲಿ ಗೈಡ್ ಆಗಲೇ ತಿಳಿಸಿದ್ದರು.

"ತಪ್ಪು ಮಾಡ್ದೆ, ಆಯ್ತು," ಎಂದಳು. "ಒಂದ್ ವರ್ಷ ಪಕ್ಕದಾಗೇ ಕೂತ್ಕಂಡು ನೋಡ್ದಲ್ಲೇ."

"ನಾನೇ ದಡ್ಡಿ ಅಂತ ನಂಬ್ಕಂಡ್ಬಿಟ್ಟಿದ್ದೆ, ಆ ನಂಬ್ಕೆ ಇನ್ನೂ ಪೂರ್ತಿ ಹೋಗಿಲ್ಲ," ಎಂದು ಅವಳು ಮೆಲ್ಲಗೆ ಸೇರಿಸಿದಳು. ಬೆಲ್ ಹೊಡೆಯಿತು. ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಒಂಬತ್ತನೇ ಕ್ಲಾಸಿಗೆ ಹೋದಳು. ಆಮೇಲೆ ನಾವು ಭೇಟಿಯಾಗಿಲ್ಲ.