ಎಳೆದು ನೋಡಿ

ಬೆಳಗಿನ ಐದೂವರೆ. ಗ್ರಂಥಾಲಯದ ಅಂಗಳದಲ್ಲಿ ಹುಲ್ಲಕ್ಕ ಕುಕ್ಕುರುಗಾಲಲ್ಲಿ ಕೂತು ಹುಲ್ಲಿನ ತಲೆ ಬಾಚುತ್ತಿದ್ದಾರೆ. ತಮಾಷೆಯಲ್ಲ, ಕೈಯಲ್ಲಿರುವುದು ಅಗಲ ಹಲ್ಲಿನ ಬಾಚಣಿಗೆಯೇ. ಹಾಗೆ ಬಾಚಿದರೆ ಮಾಗಿದ ಬೀಜವಷ್ಟೇ ಮಡಿಲಿಗೆ ಉದುರುತ್ತದೆ. ಗಾಳಿ ಏಳುವ ಮುಂಚೆ, ಹಕ್ಕಿಗಳು ಬರುವ ಮುಂಚೆ ಕೆಲಸ ಮುಗಿಯಬೇಕು.

"ಅತ್ತಿಗೆಗೆ ತನ್ನ ತಲೆ ಬಾಚ್ಕೊಳ್ಳೋಕೆ ಪುರುಸೊತ್ತಿಲ್ಲ, ಇದಕ್ಕೆ ಮಾತ್ರ ಜಡೆ ಹಾಕೋದೊಂದು ಬಾಕಿ!" ಎಂದು ಚೀಲ ಹಿಡಿದು ನಿಂತ ನಾದಿನಿ ನಗುತ್ತಾರೆ.

ಹುಲ್ಲಕ್ಕ ಹನ್ನೆರಡು ವರ್ಷ ಒಂದು ಕಚೇರಿಯ ಹುಲ್ಲುಹಾಸಿಗೆ ನೀರು ಹಾಯಿಸಿದವರು. "ದಿನಾ ನೀರು ಕುಡಿದಿದ್ದು ಬೇಸಿಗೇಲಿ ಸಾಯ್ತಿತ್ತು. ಗೋಡೆ ಪಕ್ಕ ತಾನಾಗೇ ಹುಟ್ಟಿದ್ದು ಮಾತ್ರ ಜಪ್ಪಯ್ಯ ಅಂದ್ರೂ ಸಾಯ್ತಿರ್ಲಿಲ್ಲ. ಕಿತ್ತು ಬಿಸಾಕು ಅಂದ್ರು. ಗುದ್ದಲೀಲಿ ಅಗೆದು ಕಿತ್ತೆ, ಊಟದ ಡಬ್ಬೀಲಿ ಮನೆಗೆ ತಂದೆ."

ಆ ಒಂದು ಬುಡದ ಸಂತಾನ ಈಗ ಅವರ ಮನೆಯ ತಾರಸಿ ತುಂಬ ಇದೆ: ಸಾವಿರದ ಇನ್ನೂರು ಕುಂಡ. ನೂರು ಬೀಜ ಬಿತ್ತಿದರೆ ಮೊಳೆಯುವುದು ಮೂವತ್ತು. ಬೇರೂರಿದ ಮೇಲೆ ನೀರು ಕೇಳುವುದಿಲ್ಲ, ಆದರೆ ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಅವರಿಂದ ಕುಂಡ ಕೊಂಡವರು ಸತ್ತಿತೆಂದು ವಾಪಸು ತರುತ್ತಾರೆ.

ಹೋದ ಬೇಸಿಗೆಯಲ್ಲಿ ಗ್ರಂಥಪಾಲಕರೂ ಹಾಗೇ ಅಂದುಕೊಂಡರು. ಹುಲ್ಲಕ್ಕ ಅಂಗಳದಲ್ಲಿ ನೆಟ್ಟುಕೊಟ್ಟಿದ್ದ ನಾನೂರು ಬುಡಗಳನ್ನೂ ಸೋಮವಾರ ಕಿತ್ತು ಟೈಲ್ಸ್ ಹಾಕಿಸುವುದೆಂದು ತೀರ್ಮಾನಿಸಿದರು. ಸುದ್ದಿ ಕೇಳಿ ಹುಲ್ಲಕ್ಕ ಗ್ರಂಥಾಲಯಕ್ಕೆ ಓಡಿ ಬಂದರು. ಈ ಹುಲ್ಲು ಎಲ್ಲರ ಕಣ್ಣೆದುರು ಇದ್ದದ್ದು ಈ ಅಂಗಳದಲ್ಲಿ ಮಾತ್ರ. ಇಲ್ಲಿ ಕಿತ್ತರೆ ಊರಲ್ಲಿ ಇನ್ನು ಯಾರೂ ನೆಡುವುದಿಲ್ಲ.

"ಸಾರ್, ನೀವೇ ಒಂದು ಬುಡ ಕೀಳಿ. ಸತ್ತಿದ್ರೆ ಸಲೀಸಾಗಿ ಬರುತ್ತೆ. ಬಂದ್ರೆ ಎಲ್ಲಾನೂ ನಾನೇ ಕಿತ್ಕೊಂಡು ಹೋಗ್ತೀನಿ."

ಗ್ರಂಥಪಾಲಕರು ಒಂದು ಕೈಯಲ್ಲಿ ಎಳೆದರು. ಆಮೇಲೆ ಕನ್ನಡಕ ಜೇಬಿಗೆ ಹಾಕಿ ಎರಡೂ ಕೈಯಲ್ಲಿ ಎಳೆದರು. ಬುಡ ಅಲ್ಲಾಡಲಿಲ್ಲ, ಅವರೇ ಹಿಂದಕ್ಕೆ ಧೊಪ್ಪೆಂದು ಕೂತರು. ಕೂತಲ್ಲೇ ಹೊಟ್ಟೆ ಹಿಡಿದು ನಕ್ಕು, ಮಳೆ ಬರುವವರೆಗೆ ಕಾಯುವುದಾಗಿ ಒಪ್ಪಿದರು. ಮೊದಲ ಮಳೆಯಾದ ಐದನೇ ದಿನ ಅಂಗಳವೆಲ್ಲ ಹಸಿರು!

ಈಗ ತೆನೆಗಳ ಮೇಲೆ ಬೀಜ ತಿನ್ನುವ ಪುಟ್ಟ ರಾಟವಾಳ ಹಕ್ಕಿಗಳು ಜೋಕಾಲಿಯಾಡುತ್ತಿವೆ. ಹುಲ್ಲಕ್ಕ ಅರ್ಧ ಅಂಗಳವನ್ನು ಬಾಚದೆ ಏಳುತ್ತಾರೆ. "ಅದು ಅವುಗಳ ಪಾಲು. ನಾನೊಬ್ಬಳೇ ಗುಡಿಸಿ ಗುಂಡಾಂತರ ಮಾಡಿದ್ರೆ ಹೇಗೆ?"

ಅಂಗಳದಲ್ಲಿ ಅವರ ಹೆಸರಿನ ಫಲಕ ಹಾಕಿಸಬೇಕೆಂಬುದು ಗ್ರಂಥಪಾಲಕರ ಆಸೆ. ಹುಲ್ಲಕ್ಕ ನಾಚಿ ಸೆರಗಿನಿಂದ ಬಾಚಣಿಗೆ ಒರೆಸುತ್ತಾರೆ.

"ನನ್ನ ಹೆಸರು ಯಾಕೆ ಸಾರ್? ಬೇಸಿಗೇಲಿ ಬಂದವರಿಗೆ ಕಾಣೋ ಹಾಗೆ ದಪ್ಪಕ್ಷರದಲ್ಲಿ 'ಎಳೆದು ನೋಡಿ' ಅಂತ ಬರೆಸಿ, ಸಾಕು. ಮಿಕ್ಕಿದ್ದನ್ನ ಹುಲ್ಲೇ ಹೇಳುತ್ತೆ."